ಮತ್ತೊಮ್ಮೆ ಐದನೇ ವಾರ

ನಾನು ಓದು ನಿಲ್ಲಿಸಿದ್ದು ೧೯೮೪ರಲ್ಲಿ. ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ನಪಾಸಾದೆ. ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂಡು ಅಂದರು, ಕೂಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬರೆಯುವವನ ಓದು ಎಷ್ಟೆಂದು ಗೊತ್ತಾದರೆ ಓದುವವರು ಅವನ ಕಾಗುಣಿತದ ವಿಷಯದಲ್ಲಿ ಸ್ವಲ್ಪ ದೊಡ್ಡ ಮನಸ್ಸು ಮಾಡುತ್ತಾರೆ.

ಇವತ್ತು ಮುಂಜಾನೆ ಮನೆಯ ಕಟ್ಟೆಯ ಮೇಲೆ ಕೂತು ಬೂಟಿನ ತಳಕ್ಕೆ ಹತ್ತಿದ ಎರೆಮಣ್ಣನ್ನು ಹಳೆಯ ಕರಣಿಯಿಂದ ಕೆರೆಯುತ್ತಿದ್ದೆ. ನಮ್ಮ ಕಡೆಯ ಎರೆಮಣ್ಣು ನಿಮಗೆ ಗೊತ್ತಿರಬೇಕು, ಒಂದು ಹನಿ ಮಳೆ ಬಿದ್ದರೆ ಸಾಕು, ಹಿಡಿದ ಕಾಲನ್ನು ಬಿಡುವುದಿಲ್ಲ. ಎಷ್ಟೋ ಮನೆಗಳ ಗಾರೆ ತಿಂದ ಕರಣಿ ಈಗ ಬೂಟು ಕೆರೆಯುತ್ತಿದೆ. ಬೂಟಿನ ಬಣ್ಣ ಗಿಳಿಹಸಿರು. ನಾನು ಕೇಳಿದ್ದು ಕಪ್ಪು. ಆದರೆ ನನ್ನ ಕಾಲಿನ ಅಳತೆಗೆ ಅಂಗಡಿಯಲ್ಲಿ ಇದ್ದದ್ದು ಅದೊಂದೇ. ಮನೆಗೆ ತಂದ ದಿನ ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು, ಆಮೇಲೆ ಎತ್ತಿಗೆ ತಂದೀರೋ ನಿಮಗೆ ತಂದೀರೋ ಎಂದು ಕೇಳಿದಳು. ಗೌಂಡಿ ಕೆಲಸದವನು ಬೂಟು ಹಾಕುವುದೇ ಕಡಿಮೆ, ಅದರಲ್ಲೂ ಇಂಥದ್ದು. ಹೇಗೆ ಬಂತೆಂದು ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕೂಡಿರಿ.

ನಾನು ಸುರಪುರದ ಗೌಂಡಿ. ಯಾದಗಿರಿ, ಶಹಾಪುರ, ಕೆಂಭಾವಿ, ವಡಗೇರಾ, ನನ್ನ ಕೈಯಿಂದ ಎದ್ದ ಗೋಡೆ ಇಲ್ಲದ ಊರು ಈ ಭಾಗದಲ್ಲಿ ಇಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳದೇ ಇರುವುದರಿಂದ. ಕೆಲಸದಲ್ಲಿ ನನ್ನದೊಂದು ನೇಮವಿದೆ. ಸ್ಲ್ಯಾಬು ಹಾಕುವ ದಿನ ಕಾಂಕ್ರೀಟಿಗಿಂತ ಮೊದಲು ನಾನು ಮೇಲೆ ಹತ್ತಬೇಕು. ಹಲಗೆ ತುಳಿದು, ಸರಳು ಅಲುಗಾಡಿಸಿ, ಸರಿ ಇದೆ ಎಂದು ನಾನು ಕೈ ಎತ್ತಿದ ಮೇಲೆಯೇ ಮೊದಲ ಬುಟ್ಟಿ ಏಣಿ ಏರಬೇಕು. ಹೋದ ವರ್ಷ ಯಾದಗಿರಿಯಲ್ಲಿ ಒಂದು ಮೂರಂತಸ್ತಿನ ಕಟ್ಟಡಕ್ಕೆ ಹೀಗೇ ಹತ್ತಲು ಹೋದೆ. ಎರಡನೆಯ ಅಂತಸ್ತಿಗೆ ಎದೆಯೊಳಗೆ ಯಾರೋ ಮರಳು ಜರಡಿ ಹಿಡಿದಂತಾಯಿತು. ಕೂತುಬಿಟ್ಟೆ. ಕೆಳಗೆ ಮಷಿನ್ನು ತಿರುಗುತ್ತಿತ್ತು, ಆಳುಗಳು ಬುಟ್ಟಿ ಹೊತ್ತು ನಿಂತಿದ್ದರು, ಎಲ್ಲರೂ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಿದ್ದರು. ಬೇರೆ ಕಡೆ ನೋಡಲು ಅಲ್ಲಿ ಏನೂ ಇರಲಿಲ್ಲ.

ನನ್ನ ಮಗ ಮಲ್ಲು ಮೇಲಿನಿಂದ ಇಳಿದು ಬಂದ. ಅವನೂ ನನ್ನ ಜೊತೆಯೇ ಕೆಲಸ ಮಾಡುವವನು.

“ಅಪ್ಪಾ, ನೀ ಕೆಳಗ ಕೂಡು. ನಾ ನೋಡ್ಕೋತೀನಿ” ಅಂದ.

ಅಂದವನು ಬೇವಿನ ಗಿಡದ ನೆರಳಿಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನೂ ಹಾಕಿಸಿದ. ಕುರ್ಚಿ ಕೊಡುವುದು ಗೌರವ ಎಂದು ನೀವು ತಿಳಿದಿರಬಹುದು. ಕಟ್ಟಡದ ಕೆಲಸದಲ್ಲಿ ಕುರ್ಚಿ ಇರುವುದು ಮನೆಯ ಮಾಲೀಕನಿಗೆ, ಅವನು ಬರದ ದಿನ ಅವನ ಮಾವನಿಗೆ. ಕೆಲಸ ಬಲ್ಲವನಿಗಲ್ಲ. ಆ ದಿನ ಚಹಾ ಬಂದಾಗ ಮೊದಲ ಕಪ್ಪು ನನಗೇ ಕೊಟ್ಟರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಇನ್ನೊಂದು ಸಲ ಸ್ಲ್ಯಾಬಿನ ದಿನ ಮೇಲೆ ಹತ್ತಲಾಗದಿದ್ದರೆ ಆ ಕುರ್ಚಿ ನನಗೆ ಕಾಯಂ.

ಡಾಕ್ಟರು ಸಕ್ಕರೆ ಅಂದರು, ಬಿಪಿ ಅಂದರು, ಹೊಟ್ಟೆಯ ಕಡೆ ಬೊಟ್ಟು ಮಾಡಿ ತೋರಿಸಿದರು, ದಿನಾ ನಡೆಯಿರಿ ಅಂದರು. ಮನೆಗೆ ಬಂದು ನಾನು ನಕ್ಕೆ. ಮುಂಜಾನೆಯಿಂದ ಸಂಜೆಯವರೆಗೆ ಸೈಟಿನಲ್ಲಿ ಇರುವವನಿಗೆ ನಡಿಗೆ ಹೇಳಿಕೊಡುತ್ತಾರಲ್ಲ ಎಂದು. ಸೊಸೆ ರೇಣುಕಾ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಸೈಟಿನಾಗ ನೀವು ನಡೆಯಂಗಿಲ್ರಿ ಮಾವಾರ. ನಿಂತಲ್ಲೇ ನಿಂತು ಬೈತೀರಿ.”

ರೇಣುಕಾ ಊರಿನ ಶಾಲೆಯೊಂದರಲ್ಲಿ ಟೀಚರು. ಮನೆಯಲ್ಲೂ ಟೀಚರೇ. ಮರುದಿನ ಅವಳೇ ನನ್ನ ಫೋನಿನೊಳಗೆ ಒಂದು ಪಾಠವನ್ನು ಇಳಿಸಿದಳು. ಜನ್ಮದಲ್ಲಿ ಓಡದವರನ್ನು ಒಂಬತ್ತು ವಾರದಲ್ಲಿ ಅರ್ಧ ಗಂಟೆ ಓಡಿಸುವ ಪಾಠವಂತೆ. ದಿನ ಬಿಟ್ಟು ದಿನ ಓಡಬೇಕು. ಆ ಗಿಳಿಹಸಿರು ಬೂಟು ಬಂದದ್ದು ಇದಕ್ಕೇ. ಫೋನಿನೊಳಗಿನ ಹೆಂಗಸು ಓಡು ಅಂದಾಗ ಓಡಬೇಕು, ನಡಿ ಅಂದಾಗ ನಡೆಯಬೇಕು. ಮೊದಲ ವಾರ ಒಂದು ನಿಮಿಷ ಓಟ, ಅದಕ್ಕಿಂತ ಸ್ವಲ್ಪ ಹೆಚ್ಚು ನಡಿಗೆ, ಮತ್ತೆ ಓಟ. ಒಂದು ನಿಮಿಷ ಎಂದು ಕೇಳಿ ಮತ್ತೆ ನಕ್ಕೆ. ಆ ನಗು ಕೂಡ ಒಂದು ನಿಮಿಷ ಬಾಳಲಿಲ್ಲ.

ಯಾರೂ ನೋಡಬಾರದೆಂದು ಮೊದಮೊದಲು ಕಾಲುವೆಯ ದಂಡೆಯ ಮೇಲೆ ಓಡಿದೆ. ನಸುಕಿನಲ್ಲಿ ಕಾಲುವೆ ದಂಡೆಯಲ್ಲಿ ಯಾರಿರುತ್ತಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ತಂಬಿಗೆ ಹಿಡಿದು ಕೂತವರು ಸಾಲಾಗಿ ಇದ್ದರು. ನನ್ನ ಹೆಜ್ಜೆಯ ದಡದಡ ಕೇಳಿ ಕಾಲುವೆ ಒಡೆದಿದೆ ಎಂದು ಇಬ್ಬರು ಅರ್ಧಕ್ಕೇ ಎದ್ದರು. ಕಿಸೆಯಲ್ಲಿದ್ದ ಫೋನಿನ ಹೆಂಗಸು ಅದೇ ಹೊತ್ತಿಗೆ ಇಂಗ್ಲಿಷಿನಲ್ಲಿ ಏನೋ ಅಂದಳು. ಮೇಸ್ತ್ರಿಯ ಅಂಗಿಯೊಳಗಿಂದ ಯಾವಳೋ ಮಾತಾಡುತ್ತಾಳೆ ಎಂಬ ಸುದ್ದಿ ನಾನು ಮನೆ ಮುಟ್ಟುವುದಕ್ಕಿಂತ ಮುಂಚೆ ಮನೆ ಮುಟ್ಟಿತ್ತು.

ಆ ಹೆಂಗಸಿನ ಬಗ್ಗೆ ಎರಡು ಮಾತು ಹೇಳಬೇಕು. ಅವಳು ಹೇಳುವುದರಲ್ಲಿ ರನ್, ವಾಕ್ ಬಿಟ್ಟರೆ ನನಗೆ ತಿಳಿಯುತ್ತಿದ್ದದ್ದು ಗುಡ್, ವೆರಿ ಗುಡ್ ಅಷ್ಟೇ. ಒಂದು ನಿಮಿಷ ಓಡಿದರೆ ಗುಡ್. ನಿಂತು ಸುಧಾರಿಸಿಕೊಂಡರೆ ವೆರಿ ಗುಡ್. ನನಗೆ ಕೆಲಸ ಕಲಿಸಿದ ಗೌಂಡಿ, ಗೋಡೆ ಸರಿ ಬಂದರೆ ಏನೂ ಅನ್ನುತ್ತಿರಲಿಲ್ಲ, ತಪ್ಪಿದರೆ ಮಾತ್ರ ಬಾಯಿ ತೆರೆಯುತ್ತಿದ್ದ. ನಮ್ಮ ಕಸುಬಿನಲ್ಲಿ ಸುಮ್ಮನಿರುವುದೇ ಹೊಗಳಿಕೆ. ನಾನೂ ನನ್ನ ಆಳುಗಳನ್ನು ಹಾಗೆಯೇ ಹೊಗಳಿಕೊಂಡು ಬಂದವನು. ಇಷ್ಟು ವರ್ಷ ಕಲ್ಲು ಹೊತ್ತಾಗ ಸಿಗದ ಶಾಭಾಷ್‌ಗಿರಿ, ಮೈಮೇಲೆ ಏನೂ ಹೊರೆ ಇಲ್ಲದೆ ಸುಮ್ಮನೆ ಓಡಿದ್ದಕ್ಕೆ ಸಿಗುತ್ತಿದೆ. ಇದು ಸರಿಯಲ್ಲ ಎಂದು ಮನಸ್ಸು ಹೇಳುತ್ತಿತ್ತು. ಕಿವಿ ಮಾತ್ರ ಮುಂದಿನ ಗುಡ್ ಯಾವಾಗ ಎಂದು ಕಾಯುತ್ತಿತ್ತು.

ಕಾಲುವೆ ಬಿಟ್ಟು ಬೋನಾಳದ ರಸ್ತೆ ಹಿಡಿದೆ. ಅಲ್ಲಿ ಬೇರೆ ತೊಂದರೆ. ನಮ್ಮ ಕಡೆ ನಡೆದು ಹೋಗುವವನನ್ನೇ ನಡೆಯಲು ಬಿಡುವುದಿಲ್ಲ, ಗಾಡಿ ನಿಲ್ಲಿಸಿ ಹತ್ತು ಅನ್ನುತ್ತಾರೆ. ಇನ್ನು ಓಡುವವನನ್ನು ಕಂಡರೆ ಬಿಡುತ್ತಾರೆಯೇ? ಮೂರನೆಯ ವಾರದಲ್ಲಿ ಗೊಬ್ಬರದ ಅಂಗಡಿಯ ಹಣಮಂತ್ರಾಯ ಪಕ್ಕಕ್ಕೆ ಬಂದು ಗಾಡಿಯ ವೇಗ ಇಳಿಸಿದ.

“ಯಾಕ್ರಿ ಮೇಸ್ತ್ರಿ, ಮನ್ಯಾಗ ಏನರೆ ಆಗ್ಯಾದೇನ್ರಿ?”

“ಏನಿಲ್ರಿ. ಸುಮ್ಮನ ಓಡ್ಲಕತ್ತೀನಿ.”

“ಸುಮ್ಮನ ಯಾರರೆ ಓಡ್ತಾರೇನ್ರಿ? ಹತ್ರಿ.”

ಬೇಡ ಅಂದೆ. ಮತ್ತೆ ಹತ್ರಿ ಅಂದ. ಡಾಕ್ಟರು ಹೇಳಿದ್ದಾರೆ ಅಂದೆ. ಹಾಗಿದ್ದರೆ ದವಾಖಾನೆಗೇ ಬಿಡುತ್ತೇನೆ ಅಂದ. ನಾನು ತಲೆ ಅಲ್ಲಾಡಿಸುತ್ತ ಓಡುತ್ತಲೇ ಇದ್ದೆ. ಅವನ ಮುಖ ಸಣ್ಣದಾಯಿತು.

“ನಮ್ಮ ಗಾಡಿ ಮ್ಯಾಲ ಕೂಡ್ಲಿಕ್ಕ ನಿಮಗ ಆಗಂಗಿಲ್ಲೇನು?”

ಅವನ ಮನೆಯ ಮೇಲಿನ ಅಂತಸ್ತು ಕಟ್ಟುವುದಿತ್ತು, ಮಾತು ನನ್ನ ಜೊತೆಯೇ ಆಗಿತ್ತು. ಹತ್ತಿದೆ. ನಾನು ಹೋಗಬೇಕಾದದ್ದು ಎಲ್ಲಿಗೂ ಅಲ್ಲವಾದ್ದರಿಂದ ಎಲ್ಲಿ ಇಳಿಸಬೇಕೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಬೋನಾಳದ ಕೆರೆಯವರೆಗೂ ಹೋದೆವು. ಅಲ್ಲಿ ಇಳಿದು, ನೀರಿನ ಮೇಲಿದ್ದ ಹಕ್ಕಿಗಳನ್ನು ನೋಡಲೆಂದೇ ಬಂದವನ ಹಾಗೆ ಸ್ವಲ್ಪ ಹೊತ್ತು ನಿಂತು, ಬಸ್ಸಿಗೆ ವಾಪಸಾದೆ. ದಾರಿಯುದ್ದಕ್ಕೂ ಫೋನಿನ ಹೆಂಗಸು ಎಂದೂ ಇಲ್ಲದ ಉತ್ಸಾಹದಲ್ಲಿ ಮಾತಾಡುತ್ತಿದ್ದಳು.

ಸಂಜೆ ರೇಣುಕಾ ಫೋನು ತೆಗೆದು ನೋಡಿದಳು. ನಿಮ್ಮ ಹಾಗೆ ಓಡುವವರು ದೇಶದಲ್ಲೇ ಇಲ್ಲ, ಕಡೆಯ ಕಿಲೋಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಿದ್ದೀರಿ ಎಂದಳು. ನಾನು ಗಂಭೀರವಾಗಿ ತಲೆ ಆಡಿಸಿದೆ.

“ಯಾರ ಗಾಡಿರಿ?” ಅಂದಳು.

“ಹಣಮಂತ್ರಾಯಂದು” ಅಂದೆ.

ಅಂತೂ ನಾಲ್ಕನೆಯ ವಾರ ದಾಟಿತು. ಉಸಿರು ಸ್ವಲ್ಪ ಹದಕ್ಕೆ ಬಂದಿತ್ತು. ಓಟ ಅಂದರೆ ಇಷ್ಟೇ ಅಲ್ಲವೇ ಎಂದು ಆಳುಗಳ ಮುಂದೆ ಭಾಷಣ ಮಾಡತೊಡಗಿದ್ದೆ. ಆಗ ಬಂತು ಐದನೇ ವಾರ. ಈ ಪಾಠ ಬರೆದವರು ಯಾರೋ, ಮನುಷ್ಯನ ಸ್ವಭಾವ ಬಲ್ಲವರು. ಅಲ್ಲಿಯವರೆಗೆ ಮಗುವಿಗೆ ಉಣಿಸಿದಂತೆ ಚೂರು ಚೂರು ಓಡಿಸುತ್ತಾರೆ. ಐದನೇ ವಾರದ ಕೊನೆಯ ದಿನ ಒಮ್ಮೆಲೇ ಇಪ್ಪತ್ತು ನಿಮಿಷ, ನಡುವೆ ನಡಿಗೆ ಇಲ್ಲ. ನಾನು ಅರ್ಧದಲ್ಲಿ ನಿಂತೆ. ಮೈಲಿಗಲ್ಲಿನ ಮೇಲೆ ಕೂತೆ. ಎದೆಯೊಳಗೆ ಯಾದಗಿರಿಯ ಅದೇ ಜರಡಿ. ಹೆಂಗಸು ಗುಡ್ ಅನ್ನಲಿಲ್ಲ. ಸುಮ್ಮನಿದ್ದಳು, ಆದರೆ ಅದು ನಮ್ಮ ಕಸುಬಿನ ಸುಮ್ಮನಿರುವಿಕೆಯಾಗಿರಲಿಲ್ಲ.

ಫೋನಿನಲ್ಲಿ ಏನು ಬಂದಿದೆ ಎಂದು ರೇಣುಕಾಳನ್ನು ಕೇಳಿದೆ. ಅವಳು ಓದಿ ಹೇಳಿದಳು: ಈ ವಾರವನ್ನು ಮತ್ತೊಮ್ಮೆ ಮಾಡಿ.

ನೋಡಿರಿ, ಈ ಮಾತನ್ನು ನನಗೆ ಒಬ್ಬರು ಹಿಂದೆಯೇ ಹೇಳಿದ್ದರು. ಹೆಡ್‌ಮಾಸ್ತರು ಕಟ್ಟಿಗೆಯ ಮೇಜಿನ ಆಚೆ ಕೂತು, ಇನ್ನೊಂದು ವರ್ಷ ಏಳನೇ ಕ್ಲಾಸಿನಲ್ಲೇ ಕೂಡಲಿ ಎಂದು ನಮ್ಮಪ್ಪನಿಗೆ ಹೇಳಿದ್ದರು. ಆ ವರ್ಷ ನನ್ನ ತಮ್ಮ ಆರನೆಯದು ಪಾಸಾಗಿ ಏಳಕ್ಕೆ ಬರುವವನಿದ್ದ. ಮನೆಯಲ್ಲಿ ನನ್ನ ಹಳೆಯ ಅಂಗಿ ಹಾಕುವವನು ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಾನೆ, ಅವನಿಗೆ ಉತ್ತರ ಬರುತ್ತದೆ, ನನಗೆ ಬರುವುದಿಲ್ಲ. ಅದಕ್ಕಿಂತ ಗಾರೆ ಬುಟ್ಟಿ ಹಗುರ ಅನ್ನಿಸಿತು. ಹಗುರವಾಗಿರಲಿಲ್ಲ, ಅದು ಬೇರೆ ಮಾತು. ಆದರೆ ಅಂದಿನಿಂದ ಯಾವನೂ ನನ್ನನ್ನು ಮತ್ತೆ ಅದೇ ಬೆಂಚಿಗೆ ಕೂಡಿಸಿಲ್ಲ ಎಂಬುದು ನನ್ನ ಜಂಬವಾಗಿತ್ತು. ಈಗ ಕಿಸೆಯಲ್ಲಿ ಇಟ್ಟುಕೊಂಡ ಫೋನು ಕೂಡಿಸುತ್ತಿದೆ.

ಮೊಣಕಾಲು ನೋವು ಅಂದೆ. ಬೂಟನ್ನು ಹೆಂಡತಿ ಅಟ್ಟಕ್ಕೆ ಹಾಕಿದಳು. ಶಹಾಪುರದಲ್ಲಿ ಹೊಸ ಕಟ್ಟಡದ ಕೆಲಸ ನಡೆದಿತ್ತು. ಅಲ್ಲಿಗೆ ಹೋದರೆ ಯಾರೂ ಹೇಳದೆಯೇ ಕುರ್ಚಿ ಬಂದಿತ್ತು. ನಾನೂ ಯಾರೂ ಹೇಳದೆಯೇ ಕೂತೆ. ಕೂತಲ್ಲಿಂದ ಒಂದು ಗೋಡೆ ನೋಡಿದೆ, ದಾರಕ್ಕೆ ಕಟ್ಟಿದ ಗುಂಡು ಇಳಿಬಿಡಿಸಿದರೆ ಒಂದು ಬೆರಳು ಹೊರಗೆ ವಾಲಿತ್ತು. ಕೆಡವು, ಮತ್ತೆ ಕಟ್ಟು ಎಂದು ಕೂಗಿದೆ. ಕಟ್ಟಿದವನು ಕೆಡವಿದ, ಮಧ್ಯಾಹ್ನದೊಳಗೆ ಮತ್ತೆ ಕಟ್ಟಿದ. ಅವನ ಮುಖದಲ್ಲಿ ನಾಚಿಕೆಯನ್ನು ಹುಡುಕಿದೆ. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಆ ಸಂಜೆ ಮಲ್ಲು ಇನ್ನೂ ಬಂದಿರಲಿಲ್ಲ. ರೇಣುಕಾ ಚಹಾ ತಂದಿಟ್ಟವಳು ಒಳಗೆ ಹೋಗದೆ ಕಂಬಕ್ಕೆ ಒರಗಿ ನಿಂತಳು.

“ಮಾವಾರ, ನಾ ಪಿಯುಸಿ ಎರಡು ಸಲ ಬರ್ದೀನ್ರಿ.”

ನಾನು ಅವಳ ಮುಖ ನೋಡಿದೆ. ಮೊದಲ ಸಲ ಇಂಗ್ಲಿಷಿನಲ್ಲಿ ಹೋಗಿತ್ತಂತೆ. ಮನೆಗೆ ಸೊಸೆ ಬಂದ ದಿನದಿಂದ, ನಮ್ಮ ಸೊಸೆ ಎಲ್ಲಾ ಪರೀಕ್ಷೆ ಒಂದೇ ಏಟಿಗೆ ಪಾಸು ಮಾಡಿದವಳು ಎಂದು ನಾನು ರಂಗಂಪೇಟೆಯವರೆಗೂ ಸಾರಿಕೊಂಡು ಬಂದಿದ್ದೆ.

“ಮಲ್ಲೂಗ ಗೊತ್ತದೇನವಾ?”

“ಇಲ್ರಿ. ಮದಿವಿ ಮಾತುಕತ್ಯಾಗ ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ.”

ಚಹಾ ಮುಗಿಸಿ ಲೋಟ ಕೆಳಗಿಟ್ಟು ನಾನು ಕೇಳಬೇಕಾದದ್ದನ್ನು ಕೇಳಿದೆ. “ಮತ್ತ ಕೂತಾಗ ನಾಚ್ಕಿ ಆಗ್ಲಿಲ್ಲೇನು?”

“ಆಗಿತ್ರಿ, ಒಂದು ವಾರ. ಆಮ್ಯಾಲ ಓದೂದ್ರಾಗ ಮರ್ತೋತು.”

ಲೋಟ ತೆಗೆದುಕೊಂಡು ಒಳಗೆ ಹೋದಳು. ಇಷ್ಟು ವರ್ಷ ನಾನು ಹೊತ್ತು ತಿರುಗಿದ ನಾಚಿಕೆ ಒಂದು ವಾರದ ಸಾಮಾನು ಎಂದು ತಿಳಿದರೆ ಯಾರಿಗಾದರೂ ಸ್ವಲ್ಪ ಬೇಸರವಾಗುತ್ತದೆ. ಬೇಸರ ಮಾಡಿಕೊಂಡೆ. ಆಮೇಲೆ ಅಟ್ಟ ಹತ್ತಿ ಬೂಟು ಇಳಿಸಿದೆ. ಮೊಣಕಾಲು ಹೇಗಿದೆ ಎಂದು ಹೆಂಡತಿ ಕೇಳಿದಳು. ಅಟ್ಟ ಹತ್ತಿದ ಮೇಲೆ ಏನು ಹೇಳಲು ಬರುತ್ತದೆ?

ಐದನೇ ವಾರವನ್ನು ಮತ್ತೊಮ್ಮೆ ಮಾಡಿದೆ. ಅದೂ ಸಾಲಲಿಲ್ಲ, ಇನ್ನೊಮ್ಮೆ ಮಾಡಿದೆ. ಮೂರನೆಯ ಸಲ ಇಪ್ಪತ್ತು ನಿಮಿಷ ಮುಗಿದಾಗ ಅದೇ ಮೈಲಿಗಲ್ಲು ಹಿಂದೆ ಎಲ್ಲೋ ಉಳಿದಿತ್ತು, ನೋಡಲು ಮರೆತಿದ್ದೆ. ಹಣಮಂತ್ರಾಯ ಈಗ ಗಾಡಿ ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ನಿಧಾನಕ್ಕೆ ಬರುತ್ತ ತನ್ನ ಮನೆಯ ಮೆಟ್ಟಿಲು ಯಾವ ದಿಕ್ಕಿಗೆ ಇರಬೇಕೆಂದು ಕೇಳುತ್ತಾನೆ. ಓಡುತ್ತಲೇ ಉತ್ತರ ಕೊಡುತ್ತೇನೆ. ಹೀಗೆ ಓಡುತ್ತಾ ಮಾತಾಡುವಷ್ಟು ಉಸಿರು ಇರಬೇಕು ಎಂದು ಆ ಪಾಠದಲ್ಲೇ ಬರೆದಿದೆಯಂತೆ.

ಒಂಬತ್ತನೆಯ ವಾರ ಮುಗಿದ ಮೇಲೆ ಶಹಾಪುರದ ಕಟ್ಟಡದ ಮೇಲಿನ ಸ್ಲ್ಯಾಬಿನ ದಿನ ಬಂತು. ನಾನು ಯಾರಿಗೂ ಹೇಳದೆ ಏಣಿಗೆ ಕೈ ಹಾಕಿದೆ. ಒಂದು ಅಂತಸ್ತು, ಎರಡು, ಮೂರು. ಎದೆ ತನ್ನ ಪಾಡಿಗೆ ತಾನಿತ್ತು. ಮೇಲೆ ನಿಂತರೆ ಎದುರಿಗೇ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ. ಎಷ್ಟು ಕಾಲದಿಂದ ಮಲಗಿದ್ದಾನೋ, ಅವನಿಗೆ ಯಾವ ಸೊಸೆಯೂ ಓಡು ಅಂದಿಲ್ಲ. ಹಲಗೆ ತುಳಿದೆ, ಗಟ್ಟಿ ಇತ್ತು. ಸರಳು ಅಲುಗಾಡಿಸಿದೆ, ಅಲುಗಲಿಲ್ಲ. ನೀರಿನ ಪೈಪು ಹಿಡಿದು ಮಟ್ಟ ನೋಡಿದೆ, ಕೂದಲೆಳೆ ವ್ಯತ್ಯಾಸವಿರಲಿಲ್ಲ. ಒಂದು ಕೊರತೆಯಾದರೂ ಸಿಗಲಿ ಎಂದು ಮೂಲೆ ಮೂಲೆ ತಿರುಗಿದೆ. ಕೊನೆಗೆ ಕೈ ಎತ್ತಲು ತಿರುಗಿದರೆ ಮೊದಲ ಬುಟ್ಟಿ ಆಗಲೇ ನನ್ನ ಬೆನ್ನ ಹಿಂದೆ ಬಂದು ಬಿದ್ದಾಗಿತ್ತು. ಆಳುಗಳು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಿದ್ದರು.

“ಮುಂಜಾನೇನೇ ಎಲ್ಲಾ ನೋಡೀನಪ್ಪಾ. ಸ್ವಲ್ಪ ಸರಿ, ಬುಟ್ಟಿ ಬರ್ಲಕತ್ತಾವ” ಅಂದ ಮಲ್ಲು.

ನಾನು ಮೂರಂತಸ್ತು ಹತ್ತಿ ಬಂದೆ, ಏದುಸಿರು ಬಿಡಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಗಮನಿಸುವಂಥದ್ದು ಏನೂ ಆಗದಿರಲಿ ಎಂದೇ ಅಲ್ಲವೇ ಓಡಿದ್ದು. ಮೂಲೆಗೆ ಸರಿದು ನಿಂತು ಕೆಲಸ ನೋಡಿದೆ. ಒಳ್ಳೆಯ ಕೆಲಸ. ಏನೂ ಅನ್ನದೆ ಇಳಿಯಲು ಹೋದವನು, ಏಣಿಯ ಮೇಲೆ ಒಂದು ಕಾಲಿಟ್ಟು, ಫೋನಿನ ಹೆಂಗಸಿನ ಹಾಗೆ, “ಛಲೋ ಆಗ್ಯಾದ ಮಲ್ಲೂ” ಅಂದೆ. ಮಗ ಗಾಬರಿಯಾಗಿ, ಎದೆ ನೋಯ್ಲಕತ್ತದೇನು ಎಂದು ಕೇಳಿದ.

ಹತ್ತುವುದಕ್ಕಾಗಿ ಓಡುತ್ತಿದ್ದೆ. ಹತ್ತಿದರೆ ಮೇಲೆ ನನಗೆ ಕೆಲಸವೇ ಇಲ್ಲ. ಹಾಗಾದರೆ ಓಟ ನಿಲ್ಲಬೇಕಿತ್ತು, ನಿಂತಿಲ್ಲ. ಬೋನಾಳದ ರಸ್ತೆಯಲ್ಲಿ ನಸುಕಿನ ಗಾಳಿಗೆ ಭತ್ತದ ಗದ್ದೆ ಅಲುಗುವುದನ್ನು, ಏನನ್ನೂ ಹೊರದೆ, ಯಾರನ್ನೂ ಬೈಯದೆ ನೋಡುತ್ತ ಹೋಗುವುದು ಇಷ್ಟು ವರ್ಷದಲ್ಲಿ ನನಗೆ ಹೊಸದು.

ಈಗ ನನ್ನ ಹತ್ತಿರ ಇರುವುದಿಷ್ಟು. ಏಣಿ ಹತ್ತಿದರೂ ಸುಮ್ಮನಿರುವ ಎದೆ ಒಂದು. ಮೊಣಕಾಲು ಎರಡು, ಅದರಲ್ಲೊಂದು ಈಗೀಗ ನಿಜವಾಗಿಯೂ ನೋಯುತ್ತದೆ. ನನ್ನನ್ನು ಕೇಳದೆ ಸ್ಲ್ಯಾಬು ಹಾಕುವ ಮಗ ಒಬ್ಬ. ನನ್ನ ಹೊರತು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಮಾತೊಂದನ್ನು ನನಗೆ ಹೇಳಿದ ಸೊಸೆ ಒಬ್ಬಳು. ದಿನ ಬಿಟ್ಟು ದಿನ, ಯಾವ ಕೆಲಸದ ಲೆಕ್ಕಕ್ಕೂ ಸೇರದ ಅರ್ಧ ಗಂಟೆ.