ಒಂದು ಮೋಟಾರು, ಎರಡು ಏಕಾದಶಿ

೧೯೩೮ನೆಯ ಡಿಸೆಂಬರ್ ೩೦. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಹಾನಗಲ್ಲಿನ ನಮ್ಮ ಮನೆಯ ಮುಂದಿನಿಂದ ಮೋಟಾರು ಹೊರಟಿತು. ಒಳಗೆ ಮೂವರು. ಚಕ್ರ ಹಿಡಿದವರು ನಮ್ಮ ಕಾಕಾ, ಊರಿನ ಕೋರ್ಟಿನಲ್ಲಿ ವಕೀಲರು. ಹಿಂದಿನ ಆಸನದ ಮೇಲೆ ಉಣ್ಣೆಯ ಧಾಬಳಿ ಹಾಸಿಕೊಂಡು ಕುಳಿತವರು ದೊಡ್ಡತ್ತೆ, ಕಾಕಾನ ಅಕ್ಕ. ಕಾಕಾನ ಪಕ್ಕದಲ್ಲಿ ದಿನಚರಿ ಪುಸ್ತಕ ಹಿಡಿದು ನಾನು. ಮೈಲಿ, ಹೊತ್ತು, ಸುಂಕದ ನಾಕಾ, ಬಾವಿ ಇವನ್ನೆಲ್ಲ ಬರೆದಿಡುವ ಕೆಲಸ ನನ್ನದಾಗಿತ್ತು.

ಮೋಟಾರನ್ನು ಕಾಕಾ ದಸರೆಗೆ ಹುಬ್ಬಳ್ಳಿಯಲ್ಲಿ ಕೊಂಡಿದ್ದರು. ಅವರದು ಅದರ ಮೂರನೆಯ ಮನೆ. ನಾತಾಳದ, ಅಂದರೆ ಕ್ರಿಸ್ಮಸ್ಸಿನ, ಸೂಟಿಗೆ ಕೋರ್ಟು ಮುಚ್ಚಿದಾಗ ಅವರು ಒಂದು ಮಾತು ತೆಗೆದರು: "ಮಂದಿ ಬಿಲಾಯತಿಗೆ ಹೋಗ್ತಾರ. ನಾವು ನಮ್ಮ ಗಾಡಿ ಹೋಗೂತನಕಾ ಹೋಗೂಣು. ಸರಕಾರ ಬದಲಾದ್ರ ಸಾಕು, ನಮಗ ಅದ ಪರದೇಶ." ಲೆಕ್ಕ ಹಾಕಿದರೆ ನಮ್ಮ ಸುತ್ತ ಮೂರು ಪರದೇಶಗಳಿದ್ದವು. ಪೋರ್ತುಗೀಜರ ಗೋವೆ, ನವಾಬರ ಸವಣೂರು, ಮಹಾರಾಜರ ಮೈಸೂರು ಸೀಮೆ.

ನಾನು ಏಳು ಕಾಲಮಿನ ಒಂದು ಕೋಷ್ಟಕ ಮಾಡಿದೆ. ದೂರ, ರಸ್ತೆಯ ಸ್ಥಿತಿ, ನಾಕಾ ಎಷ್ಟು, ಪೆಟ್ರೋಲು ಎಲ್ಲಿ, ವಸತಿ ಯಾರ ಮನೆ, ನೋಡುವಂಥದು ಏನು. ಏಳನೆಯದು ಬಾವಿ. ದೊಡ್ಡತ್ತೆ ಮಡಿಯವರು. ತಾವೇ ಸೇದಿದ ನೀರು, ತಾವೇ ಇಲ್ಲವೆ ಮಡಿಯಲ್ಲಿ ಬಳಗದವರು ಮಾಡಿದ ಅಡಿಗೆ, ಇದರ ಹೊರತು ಬೇರೆ ಮುಟ್ಟುವವರಲ್ಲ. ಈ ಕಾರಣಕ್ಕೇ ಮಂದಿ ತುಂಬುವ ಸರ್ವಿಸ್ ಮೋಟಾರು ಹತ್ತಿದವರೂ ಅಲ್ಲ. ಅವರ ತಂಗಿ, ನಮ್ಮ ಸಣ್ಣತ್ತೆ, ಮೈಸೂರು ಸೀಮೆಯ ಶಿರಾಳಕೊಪ್ಪದಲ್ಲಿದ್ದರು. ಹಾನಗಲ್ಲಿನಿಂದ ನೇರ ದಾರಿಯಲ್ಲಿ ಮೂವತ್ತಮೂರೇ ಮೈಲು. ಆದರೂ ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ಹನ್ನೊಂದು ವರ್ಷವಾಗಿತ್ತು. ಚಕ್ಕಡಿಯಲ್ಲಿ ಅಷ್ಟು ದೂರ ಕೂರಲು ದೊಡ್ಡತ್ತೆಯ ಸೊಂಟ ಒಪ್ಪುತ್ತಿರಲಿಲ್ಲ. ಸಣ್ಣತ್ತೆಗೆ ಅಲ್ಲಿ ತುಂಬಿದ ಮನೆಯ ಸಂಸಾರ.

ಕಾಕಾನ ಮನಸ್ಸು ಗೋವೆಯ ಸಮುದ್ರದ ಮೇಲಿತ್ತು. ನಿನಗೆಲ್ಲಿಗೆ ಎಂದು ದೊಡ್ಡತ್ತೆಯನ್ನು ಕೇಳಿದಾಗ, "ನನ್ನ ಕೇಳಬ್ಯಾಡ್ರಿ. ನಿಮ್ಮ ಗಾಡಿ, ನಿಮ್ಮ ದಾರಿ" ಎಂದು ಒಳಗೆ ಹೋದರು. ಮರುದಿನ ನೋಡಿದರೆ ಬೇಸನ್ ಉಂಡಿ ಕಟ್ಟುತ್ತಿದ್ದರು. ಗೋವೆಯಲ್ಲಿ ನಮಗೆ ಬಳಗದವರು ಯಾರೂ ಇಲ್ಲ. ಕಾಕಾ ಉಂಡಿಯ ಡಬ್ಬಿ ನೋಡಿ ನಕ್ಕು ಗೋವೆಯ ಸಾಲಿನ ಮೇಲೆ ಗೀಟು ಎಳೆದರು. ಮೊದಲು ಸವಣೂರು, ಆಮೇಲೆ ಮೈಸೂರು ಸೀಮೆ ಎಂದು ಗೊತ್ತಾಯಿತು. ಉಳಿಯುವ ಒಂದು ದಿನ ಕಾಕಾನದು. ಅವರಿಗೆ ಜೋಗ ನೋಡಬೇಕಾಗಿತ್ತು.

ಕೋಷ್ಟಕದಲ್ಲಿ ಒಂದು ಜಾಣತನವನ್ನೂ ಮಾಡಿದ್ದೆ. ಜನವರಿ ಒಂದನೆಯ ತಾರೀಖು ಏಕಾದಶಿ. ಅಂದು ದೊಡ್ಡತ್ತೆ ನೀರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಬಾವಿಗಳ ಗುರುತಿಲ್ಲದ ಗಡಿಯ ದಾರಿಯನ್ನು ಅದೇ ದಿನಕ್ಕೆ ಇಟ್ಟೆ. ಮರುದಿನ ದ್ವಾದಶಿಯ ಪಾರಣೆಯನ್ನು, ಅಂದರೆ ಉಪವಾಸ ಬಿಡುವ ಊಟವನ್ನು, ಅಕ್ಕತಂಗಿಯರು ಜೊತೆಗೆ ಮಾಡಬಹುದು. ದೊಡ್ಡತ್ತೆಗೆ ಇದು ಬಹಳ ಹಿಡಿಸಿತು. "ಅಂಬಿ ಕೈಯಾಗಿನ ಊಟ, ಅದೂ ಮಗ್ಗಲಕ್ಕ ಕೂತು" ಎಂದು ಎರಡು ಸಲ ಹೇಳಿದರು. ಅಂಬಿ ಎಂದರೆ ಸಣ್ಣತ್ತೆ.

ಮೊದಲ ದಿನ ಬಂಕಾಪುರದ ಮೇಲೆ ಶಿಗ್ಗಾಂವಿಗೆ ಎಂಟು ಗಂಟೆಗೆ ಮುಟ್ಟಿದೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಅಲ್ಲಿ ಡಬ್ಬಿಯಿಂದ ಎರಡು ಗ್ಯಾಲನ್ ಪೆಟ್ರೋಲು ಹಾಕಿಸಿದೆವು. ದೊಡ್ಡತ್ತೆ ಕೆಳಗಿಳಿಯಲಿಲ್ಲ. ಮುಂದೆ ಹನ್ನೊಂದು ಮೈಲಿಗೆ ಸವಣೂರಿನ ನಾಕಾ. ಕಾವಲಿನವನು ನಮ್ಮ ಗಂಟು ನೋಡಬೇಕೆಂದ. ಹಿತ್ತಾಳೆಯ ಪಾತ್ರೆಗಳ ಬುಟ್ಟಿಗೆ ಕೈ ಹಾಕಲು ಬಂದ. ದೊಡ್ಡತ್ತೆ, "ದೂರ ನಿಂದರಪಾ, ನಾನ ತೋರಸ್ತೇನಿ" ಎಂದು ಒಂದೊಂದೇ ಮುಚ್ಚಳ ತೆಗೆದು ತೋರಿಸಿದರು. ಅವನು ಕೈಕಟ್ಟಿ ನಿಂತು ಒಂಬತ್ತನ್ನೂ ನೋಡಿ, "ಬಸ್ ಅವ್ವಾರ, ನಮ್ಮ ಸಾಹೇಬ್ರೂ ಇಷ್ಟು ಪಕ್ಕಾ ತಪಾಸ ಮಾಡಂಗಿಲ್ಲ" ಎಂದು ದಾರಿ ಬಿಟ್ಟ.

ಸವಣೂರಿನಲ್ಲಿ ಮಠದಲ್ಲಿ ಇಳಿದೆವು. ಒಳ್ಳೆಯ ಬಾವಿ, ಹಗ್ಗ ನಾಲ್ಕು ಮಾರು ಸಾಕಾಯಿತು. ಮಧ್ಯಾಹ್ನ ಕಾಕಾ ಮತ್ತು ನಾನು ದೊಡ್ಡ ಹುಣಸೆಮರ ಎಂದು ಕರೆಯುವ ಮೂರು ದೈತ್ಯ ಮರಗಳನ್ನು ನೋಡಿದೆವು. ಎಲ್ಲಕ್ಕೂ ದೊಡ್ಡದರ ಸುತ್ತಳತೆ ನನ್ನ ಕೈಯಲ್ಲಿ ಒಂಬತ್ತು ಮಾರು, ಮೇಲೆ ಒಂದು ಮೊಳ. ಕಾಕಾ ಅಳೆದಾಗ ಎಂಟೂವರೆ ಬಂದಿತು. ಅವರ ತೋಳು ಉದ್ದ. ಪೇಟೆಯಲ್ಲಿ ವೀಳ್ಯದೆಲೆಯ ಕಟ್ಟು ಎರಡು ಆಣೆ. ಸವಣೂರಿನ ಎಲೆ ಇಷ್ಟು ಎಳೆಯದಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಖಾರ ಎಂದು ಅಲ್ಲಿ ಕರೆಯುವ ಕುರುಕಲು ತಿಂಡಿ ಮಾರುವವನು ಮೊದಲು ರುಚಿ ನೋಡಿ ಆಮೇಲೆ ತೊಗೊಳ್ರಿ ಎಂದು ಅಂಗೈಗೆ ಸುರಿದ. ರುಚಿ ನೋಡಿದ ಮೇಲೆ ಕಾಕಾ ಹತ್ತಿರ ನೀರು ಎಲ್ಲಿದೆ ಎಂದು ಕೇಳಿದರು. ಆದರೂ ಅರ್ಧ ಸೇರು ಕೊಂಡರು.

ಎರಡನೆಯ ದಿನ, ಡಿಸೆಂಬರ್ ೩೧, ಹಾವೇರಿಯ ಮೇಲೆ ಹಿರೇಕೆರೂರಿಗೆ. ಐವತ್ತೆರಡು ಮೈಲು. ಹಂಸಭಾವಿಯ ಹತ್ತಿರ ಹಿಂದಿನ ಗಾಲಿಯ ಗಾಳಿ ಹೋಯಿತು. ಕಾಕಾ ಗಾಲಿ ಬಿಚ್ಚುತ್ತಿರುವಾಗ ಜೋಳದ ಹೊಲದಿಂದ ಒಬ್ಬ ರೈತ ಬಂದು ಬಹಳ ಹೊತ್ತು ನೋಡಿದ. "ನಮ್ಮ ಬಂಡಿ ನಿಂತರ ಎತ್ತಿಗೆ ಹುಲ್ಲ ಹಾಕತೇವ್ರಿ. ಇದಕ್ಕ ಈಗ ಏನ ಹಾಕಾಕತ್ತೀರಿ?" ಎಂದು ಕೇಳಿದ.

"ಗಾಳಿ" ಎಂದರು ಕಾಕಾ.

"ಹಂಗಾದ್ರ ಭಾಳ ಸೋವಿ ಆತು ಬಿಡ್ರಿ" ಎಂದ ಅವನು. ಆಮೇಲೆ ತಾನೇ ಪಂಪು ಹಿಡಿದು, ಕಾಕಾನಿಗಿಂತ ಬೇಗ ಗಾಳಿ ತುಂಬಿ, ಕೊಟ್ಟ ದುಡ್ಡು ಬೇಡವೆಂದು ಹಿಡಿಯಷ್ಟು ಸವಣೂರು ಖಾರ ಮಾತ್ರ ತೆಗೆದುಕೊಂಡ. ಸಂಜೆ ಹಿರೇಕೆರೂರಿನಲ್ಲಿ ಕಾಕಾನ ಪರಿಚಯದ ಒಬ್ಬ ವಕೀಲರ ಮನೆಯಲ್ಲಿ ವಸತಿ.

ಮೂರನೆಯ ದಿನ ಗಡಿ ದಾಟಿ ಹತ್ತೂವರೆಗೆ ಶಿರಾಳಕೊಪ್ಪಕ್ಕೆ ಬಂದೆವು. ಸಣ್ಣತ್ತೆ ಬಾಗಿಲಲ್ಲೇ ಇದ್ದರು. ಅಕ್ಕನ ಕಾಲಿಗೆ ಬಿದ್ದು ಎದ್ದವರು ಅವರ ಎರಡೂ ಕೈ ಹಿಡಿದುಕೊಂಡು ನಿಂತರು. ನಾನು ಬೇರೆ ಕಡೆ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ಹೋಳಿಗೆಯ ವಾಸನೆ ಬಂದಿತು. ಏಕಾದಶಿಯ ದಿನ ವೈಷ್ಣವರ ಮನೆಯಲ್ಲಿ ಹೋಳಿಗೆ!

ಸಣ್ಣತ್ತೆ ನಸುಕಿನಲ್ಲೇ ಎದ್ದು ಮಡಿಯುಟ್ಟು ಅಕ್ಕನಿಗಾಗಿ ಹೂರಣ ರುಬ್ಬಿದ್ದರು. ಅವರ ಮನೆಗೆ ಅಂದು ದಶಮಿ, ಏಕಾದಶಿ ಮರುದಿನ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಮದುವೆಯಾದ ಮೇಲೆ ಹೆಣ್ಣುಮಕ್ಕಳಿಗೆ ಗಂಡನ ಮನೆಯ ಮಠವೇ ಮಠ, ಆ ಮಠದ ಪಂಚಾಂಗವೇ ಪಂಚಾಂಗ. ಸಣ್ಣತ್ತೆಯ ಯಜಮಾನರು ತಮ್ಮ ಪಂಚಾಂಗ ತಂದು ತೋರಿಸಿದರು. ದೊಡ್ಡತ್ತೆಯ ಪಂಚಾಂಗದಲ್ಲಿ ದಶಮಿ ಬೆಳಗಿನ ಜಾವಕ್ಕೆ ಮೊದಲೇ ಮುಗಿದಿತ್ತು. ಇವರದರಲ್ಲಿ ಸ್ವಲ್ಪ ಹೊತ್ತು ಜಾವದೊಳಗೆ ಚಾಚಿತ್ತು. ಜಾವಕ್ಕೆ ದಶಮಿ ಸೋಕಿದರೆ ಅಂದು ಉಪವಾಸವಿಲ್ಲ, ಮರುದಿನಕ್ಕೆ ಹೋಗುತ್ತದೆ. ನಾನು ಸಣ್ಣತ್ತೆಗೆ ಕಾಗದದಲ್ಲಿ ಬರೆದದ್ದು "ಒಂದನೆಯ ತಾರೀಖು ಬರುತ್ತೇವೆ" ಎಂದಷ್ಟೆ. ಅಂದು ಏಕಾದಶಿ ಎಂದು ಬರೆಯುವ ಅವಶ್ಯಕತೆ ನನಗೆ ಕಂಡಿರಲಿಲ್ಲ. ಏಕಾದಶಿ ಎಲ್ಲರಿಗೂ ಏಕಾದಶಿಯೇ ಅಲ್ಲವೆ ಎಂದುಕೊಂಡಿದ್ದೆ. ಏಳು ಕಾಲಮುಗಳಲ್ಲಿ ಹೋಗುವ ಮನೆಯ ಪಂಚಾಂಗಕ್ಕೆ ಒಂದೂ ಇರಲಿಲ್ಲ.

ಈಗ ಲೆಕ್ಕ ಹೀಗಾಯಿತು. ಇಂದು ದೊಡ್ಡತ್ತೆಗೆ ಉಪವಾಸ. ನಾಳೆ ಅವರು ಉಣ್ಣುವಾಗ ಸಣ್ಣತ್ತೆಗೆ ಉಪವಾಸ. ನಾಡಿದ್ದು ಮೂರನೆಯ ತಾರೀಖು. ಹನ್ನೊಂದಕ್ಕೆ ಹಾನಗಲ್ಲಿನಲ್ಲಿ ಕೋರ್ಟು, ಬೆಳಿಗ್ಗೆಯೇ ಹೊರಡಬೇಕು. ಹನ್ನೊಂದು ವರ್ಷದ ಮೇಲೆ ಬಂದು ಮಗ್ಗುಲಲ್ಲಿ ಕೂತು ಒಂದು ತುತ್ತು ಉಣ್ಣುವಂತಿರಲಿಲ್ಲ. ಸಣ್ಣತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ.

ದೊಡ್ಡತ್ತೆ ನಮ್ಮಿಬ್ಬರ ಕಡೆ ತಿರುಗಿ, "ಎದ್ದ ಎಲಿ ಹಾಕ್ಕೋರಿ. ಅಂಬಿ ನಸುಕಿಲೆ ಎದ್ದು ಮಾಡ್ಯಾಳ. ಯಾರರ ಉಣ್ಣಬೇಕು" ಎಂದರು.

"ಏಕಾದಶಿ ಅಲ್ಲಾ ಅಕ್ಕಾ?" ಎಂದರು ಕಾಕಾ.

"ಪಾಪ ಬಂದ್ರ ನನಗ ಬರ್ಲಿ. ನೀ ಹಾನಗಲ್ಲಾಗ ಎಷ್ಟು ಏಕಾದಶಿ ಮಾಡೀದಿ ಅಂಬೋದು ನನಗ ಗೊತ್ತದ."

ಕಾಕಾ ಎಲೆ ಹಾಕಿಕೊಂಡರು. ಅವರು ಐದು ಹೋಳಿಗೆ, ನಾನು ಮೂರು. ದೊಡ್ಡತ್ತೆ ದೂರದಲ್ಲಿ ಕಂಬಕ್ಕೆ ಒರಗಿ ಕುಳಿತು, ಯಾವುದರಲ್ಲಿ ಹೂರಣ ಹೆಚ್ಚು ತುಂಬಿದೆ ಎಂದು ನಮ್ಮನ್ನು ಕೇಳಿ ತಿಳಿದುಕೊಂಡರು.

ಮರುದಿನ ಬೆಳಿಗ್ಗೆ ಕಾಕಾ ಜೋಗಕ್ಕೆಂದು ಮೋಟಾರಿಗೆ ನೀರು ಹಾಕುತ್ತಿದ್ದರು. ಒಳಗೆ ಪೂಜೆ ಬೇಗ ಮುಗಿದಿತ್ತು. ದೊಡ್ಡತ್ತೆ ಒಂದು ಉದ್ಧರಣೆ ತೀರ್ಥ ತೆಗೆದುಕೊಂಡು ಪಾರಣೆಯಾಯಿತು ಎಂದರು. ಸಣ್ಣತ್ತೆ ತಾವು ಉಪವಾಸವಿದ್ದರೂ ಅಕ್ಕನಿಗೆಂದು ಒಲೆ ಹೊತ್ತಿಸಲು ಹೋದರೆ, ದೊಡ್ಡತ್ತೆ ಕಟ್ಟಿಗೆಯನ್ನು ಹಿಂದಕ್ಕೆ ಎಳೆದರು. ನಾಳೆ ಹೊರಡುವ ಮೊದಲು ಇಬ್ಬರೂ ಕೂಡಿಯೇ ಉಣ್ಣೋಣ, ಅಲ್ಲಿಯವರೆಗೆ ತಮಗೂ ಅನ್ನ ಬೇಡ ಎಂದುಬಿಟ್ಟರು. ಸಣ್ಣತ್ತೆ, "ನೀ ಉಣ್ಣದಿದ್ರ ನಾ ನಿನ್ನ ಕೂಡ ಮಾತಾಡಂಗಿಲ್ಲ" ಎಂದರು.

"ಮಾತಾಡಬ್ಯಾಡ. ಹನ್ನೊಂದು ವರ್ಷ ಮಾತಾಡೀಯೇನು?"

ಕಾಕಾ ಒಳಗೆ ಬಂದರು. "ಅಕ್ಕಾ, ನಿನಗ ಅರವತ್ತೆರಡು. ನಿನ್ನೆ ಹನಿ ನೀರು ಕುಡದಿಲ್ಲ. ದ್ವಾದಶಿ ದಿನ ಉಪವಾಸ ಕೂಡ್ರೂದು ಶಾಸ್ತ್ರಕ್ಕೂ ವಿರುದ್ಧ."

"ತೀರ್ಥ ತೊಗೊಂಡೆ, ಪಾರಣಿ ಆತು. ನಮ್ಮ ಮಠದವರದು ನನ್ನ ಮ್ಯಾಲೆ ತಕರಾರಿಲ್ಲ. ಇನ್ನ ಊಟ ಮಾಡೂದು ಬಿಡೂದು ನನ್ನ ಖುಷಿ. ನೀರು ಕುಡೀತೇನಿ, ಹೋಗು."

ಕಾಕಾ ನನ್ನ ಕಡೆ ನೋಡಿ, "ಇಪ್ಪತ್ತು ವರ್ಷ ವಕೀಲಿ ಮಾಡೀನಿ, ಇಂಥಾ ವಾದ ನನಗ ಹೊಳೀಲಿಲ್ಲ" ಎಂದರು. ಆದರೆ ಮುಖದಲ್ಲಿ ಕಾಳಜಿ ಇತ್ತು. ನಾವು ಇಲ್ಲೇ ಇರುತ್ತೇವೆ ಎಂದರೆ ದೊಡ್ಡತ್ತೆ ಒಪ್ಪಲಿಲ್ಲ. ಗಂಡಸರು ಎದುರಿಗೆ ಕೂತರೆ ತಾವು ಮಾತಾಡುವುದು ಹೇಗೆ ಎಂದು ಹೊರಗೆ ಕಳಿಸಿದರು. ಕಾಕಾ ಜೋಗದ ಹಾದಿಯತ್ತ ಒಂದು ನಿಮಿಷ ನೋಡಿ, ಕರೆದರೆ ಕೂಡಲೆ ಬರುವಷ್ಟು ಹತ್ತಿರವಿರಲಿ ಎಂದು ಮೋಟಾರನ್ನು ಎರಡು ಮೈಲಿನ ಬಳ್ಳಿಗಾವಿಗೆ ತಿರುಗಿಸಿದರು. ನಾನು ಅಲ್ಲಿಯ ಹಳೆಯ ಗುಡಿಯ ಕಂಬಗಳನ್ನು ಎಣಿಸಲು ತೊಡಗಿದೆ. ಕಾಕಾ ಪದೇ ಪದೇ ಗಡಿಯಾರ ತೆಗೆಯುತ್ತಿದ್ದರಿಂದ ಲೆಕ್ಕ ತಪ್ಪಿತು; ದಿನಚರಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಒಂದು ಗಂಟೆಗೆ ಹಿಂದಿರುಗಿದಾಗ ಮನೆ ಬೇರೆಯಾಗಿ ಕಂಡಿತು. ಒಲೆಯಲ್ಲಿ ಬೂದಿ ತಣ್ಣಗಿತ್ತು. ಅಕ್ಕತಂಗಿಯರು ಹಿತ್ತಲಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ದೊಡ್ಡತ್ತೆ ಎದ್ದು, ಎಂದೋ ತೀರಿಹೋದ ತಮ್ಮ ಸೋದರತ್ತೆಯೊಬ್ಬರು ನಡೆಯುತ್ತಿದ್ದ ರೀತಿ ನಡೆದು ತೋರಿಸುತ್ತಿದ್ದರು. ಸಣ್ಣತ್ತೆ ನಗುವಿನಿಂದ ಉಸಿರು ಹಿಡಿದುಕೊಂಡು ಕೈ ಅಲ್ಲಾಡಿಸುತ್ತಿದ್ದರು. ದೊಡ್ಡತ್ತೆ ನಕ್ಕದ್ದನ್ನು ನಾನು ನೋಡಿದ್ದೆ. ಹಾಗೆ ನಡೆದದ್ದನ್ನು ನೋಡಿರಲಿಲ್ಲ. ಕಾಕಾ ಬಾಗಿಲಿನಿಂದಲೇ ಹಿಂದೆ ಸರಿದು, ಗಡಿಯಾರವನ್ನು ಜೇಬಿಗೆ ಹಾಕಿ, ಜಗಲಿಯ ಮೇಲೆ ಮಲಗಿಬಿಟ್ಟರು. ಸಂಜೆ ದೀಪ ಹಚ್ಚುವವರೆಗೂ ಹಿತ್ತಲಿನ ಮಾತು ನಿಲ್ಲಲಿಲ್ಲ.

ಜನವರಿ ೩, ಬೆಳಿಗ್ಗೆ ಆರು ಇಪ್ಪತ್ತು. ಎರಡು ಎಲೆ, ಮಗ್ಗುಲು ಮಗ್ಗುಲಿಗೆ. ಧನುರ್ಮಾಸದ ಹುಗ್ಗಿ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ. ನಮಗೆ ಬಡಿಸಿ ಆದಮೇಲೆ ಇಬ್ಬರೂ ಕುಳಿತರು. ದೊಡ್ಡತ್ತೆ ಮೊದಲ ತುತ್ತು ಬಾಯಿಗಿಟ್ಟು, "ಉಪ್ಪು ಕಡಿಮಿ ಆತು" ಎಂದರು. ಸಣ್ಣತ್ತೆ, "ನೀನ ಹಾಕಿದ್ದು" ಎಂದರು. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಏಳು ನಲವತ್ತಕ್ಕೆ ಹೊರಟೆವು. ಈ ಸಲ ತಿಳವಳ್ಳಿ, ಅಕ್ಕಿಆಲೂರಿನ ಮೇಲೆ ಮೂವತ್ತಮೂರು ಮೈಲು, ಬಹುಭಾಗ ಬಂಡಿಯ ಜಾಡು. ಕೊಯ್ದ ಗದ್ದೆಗಳಲ್ಲಿ ಮಂಜು ಇನ್ನೂ ಕುಳಿತಿತ್ತು. ಹತ್ತು ಮೂವತ್ತೈದಕ್ಕೆ ಹಾನಗಲ್ಲು ಮುಟ್ಟಿದೆವು. ಮೋಟಾರಿನಲ್ಲಿ ನಾನು ದೊಡ್ಡತ್ತೆಯ ಕ್ಷಮೆ ಕೇಳಿದ್ದೆ. ಇನ್ನು ಮುಂದೆ ಎರಡೂ ಪಂಚಾಂಗ ನೋಡಿ, ಏಕಾದಶಿ ಬಿಟ್ಟು ದಿನ ಹಿಡಿಯುತ್ತೇನೆ ಎಂದೆ.

"ಹಂಗ ಮಾಡಬ್ಯಾಡ" ಎಂದರು ಅವರು. "ಹನ್ನೊಂದು ವರ್ಷದ ಹಿಂದ ನಮ್ಮಪ್ಪನ ತಿಥಿಗೆ ಬಂದಾಗ ಅಂಬಿ ನಾಲ್ಕು ದಿನ ಇದ್ದಳು. ನಾ ಒಲಿ ಮುಂದ, ಆಕಿ ರುಬ್ಬೋ ಕಲ್ಲಿನ ಮುಂದ. ಒಂದು ಮಾತಾಗಲಿಲ್ಲ. ನಿನ್ನೆ ಇಬ್ಬರಿಗೂ ಅಡಿಗಿ ಇರಲಿಲ್ಲ ನೋಡು. ಮತ್ತ ಹಿಂಗ ಎರಡು ಏಕಾದಶಿ ಯಾವಾಗ ಬರ್ತಾವ, ತಗದು ಹೇಳು."

ತೆಗೆದು ಹೇಳಲು ನನ್ನಲ್ಲಿರುವುದು ಒಂದೇ ಮಠದ ಪಂಚಾಂಗ. ಓದುಗರಲ್ಲಿ ಯಾರ ಮನೆಯಲ್ಲಾದರೂ ಎರಡೂ ಕಡೆಯ ಮುಂದಿನ ವರ್ಷದ ಪಂಚಾಂಗಗಳಿದ್ದರೆ, ಅಥವಾ ಈ ಗಣಿತ ಬಲ್ಲವರಿದ್ದರೆ, ಏಕಾದಶಿಗಳು ಬೇರೆಬೇರೆ ದಿನ ಬೀಳುವ ತಾರೀಖುಗಳನ್ನು ಈ ಪತ್ರಿಕೆಯ ಮೂಲಕ ನನಗೆ ಬರೆದು ತಿಳಿಸಬೇಕು. ಮಳೆಗಾಲ ಬಿಟ್ಟು ಯಾವ ತಿಂಗಳಾದರೂ ಸರಿ. ಮೋಟಾರು ಸಿದ್ಧವಿದೆ, ಕಾಕಾ ಒಪ್ಪಿದ್ದಾರೆ.