ಬಗ್ಗಿ ಹೋಗುವ ಕೋಟೆ

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ದೇವಲಾಪುರದಲ್ಲೂ ಒಂದು ಉತ್ಸವ ಸಮಿತಿ ಹುಟ್ಟಿಕೊಂಡಿತು. ಅಧ್ಯಕ್ಷ ಚಲುವಯ್ಯ ಡ್ರಾಯಿಂಗ್ ಟೀಚರ್ ಸುಬ್ಬಮ್ಮನನ್ನು ಕರೆಸಿದ.

"ಮೈದಾನದ ದಾರೀಲಿ ಕೆಂಪುಕೋಟೆ ಬಾಗ್ಲು ಮಾಡ್ಬೇಕು ಟೀಚರಮ್ಮ. ಟೀವೀಲಿ ಬತ್ತದಲ್ಲ, ಥೇಟ್ ಅಂಗೇ ಇರ್ಬೇಕು."

ಸುಬ್ಬಮ್ಮ ಬಡಗಿ ಮನೆಯ ಮಗಳು. ಕೋಟೆ ಬರೆಯುವುದು ಅವಳಿಗೆ ಕಷ್ಟವಾಗಿರಲಿಲ್ಲ. ಆದರೆ ಕಾಗದದ ಮೇಲೆ ಬಾಗಿಲು ಎಳೆಯುವಾಗೆಲ್ಲ ಅವ್ವನ ನೆನಪಾಗುತ್ತಿತ್ತು. ವಿಧವಾ ವೇತನಕ್ಕೆಂದು ಕಚೇರಿಗೆ ಹೋದಾಗ, ಆಳೆತ್ತರಕ್ಕಿಂತ ದೊಡ್ಡದಾದ ಆ ಬಾಗಿಲ ಮುಂದೆ ಅವ್ವ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತಿದ್ದಳು. ಊರಿನ ಮನೆಗಳ ಬಾಗಿಲು ತಗ್ಗು. ಅಲ್ಲಿ ಗೌಡನಾದರೂ ಬಗ್ಗಿಯೇ ಒಳಗೆ ಹೋಗಬೇಕು. ದೇಶದ ಬಾಗಿಲೂ ಅದೇ ಅಳತೆಯದಾಗಲಿ ಎಂದು ಸುಬ್ಬಮ್ಮ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಊರಿನ ಮುದುಕಿ ಚಿಕ್ಕಬೋರಮ್ಮ ಹಳೇ ಮನೆ ಕೆಡವಿ ತಾರಸಿ ಹಾಕಿಸಿದ್ದಳು. ಅವಳ ಹಳೆಯ ಬಾಗಿಲುವಾಡ ಹೊಸ್ತಿಲು ಚೌಕಟ್ಟಿನ ಸಮೇತ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಸುಬ್ಬಮ್ಮನ ತಮ್ಮ ನಾಗರಾಜ ಅದನ್ನು ತಂದು, ಇಪ್ಪತ್ತಡಿ ಎತ್ತರದ ಪ್ಲೈವುಡ್ ಕೋಟೆಯ ನಡುವೆ ಕೂರಿಸಿದ. ಮೇಲೆ ಬುರುಜು, ಗುಮ್ಮಟ, ಬಾವುಟ. ಬಾಗಿಲು ಮಾತ್ರ ನಾಲ್ಕೂವರೆ ಅಡಿ.

ಹದಿನಾಲ್ಕನೇ ತಾರೀಕು ಮಧ್ಯಾಹ್ನ ಚಲುವಯ್ಯ ಬಂದು ನೋಡಿ ಕೆಂಡವಾದ.

"ಏನಮ್ಮ ಇದು? ನಾಳೆ ಬರೋ ತಹಸೀಲ್ದಾರ್ ಸಾಹೇಬ್ರು ಕುರಿ ತರ ನುಗ್ಗಬೇಕಾ?"

"ಕುರಿ ತರ ಅಲ್ಲ ಗೌಡ್ರೇ, ನೆಂಟ್ರು ತರ. ನಿಮ್ಮನೆಗೆ ಬಂದೋರೂ ಬಗ್ಗಿ ತಾನೇ ಒಳಕ್ಕೆ ಬರೋದು?"

"ಲೇ ನಾಗರಾಜ, ಕುಯ್ದು ಎತ್ತರ ಮಾಡ್ಲಾ!"

ನಾಗರಾಜ ಅಕ್ಕನ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಗರಗಸ ಚೀಲಕ್ಕೆ ಹಾಕಿಕೊಂಡು, "ನನ್ ಕೈಲಾಗಾಕಿಲ್ಲ ಗೌಡ್ರೇ. ಬೇರೆಯೋರ್ನ ನೋಡ್ಕಳಿ" ಅಂದ. ಅಷ್ಟು ಹೊತ್ತಿನಲ್ಲಿ ಬೇರೆ ಬಡಗಿ ಎಲ್ಲಿ ಸಿಗಬೇಕು? "ನಿನ್ ನೌಕ್ರಿಗೆ ಕುತ್ತು ತತ್ತೀನಿ, ನೋಡ್ತಿರು" ಎಂದು ಚಲುವಯ್ಯ ಸುಬ್ಬಮ್ಮನಿಗೆ ಹೇಳಿಯೇ ಹೋದ. ಆದರೂ ಅವಳು ಉಳಿದ ಕೆಂಪು ಬಣ್ಣವನ್ನು ಬಳಿದು ಮುಗಿಸಿಯೇ ಮನೆಗೆ ಹೋದಳು.

ಬೆಳಿಗ್ಗೆ ಬಂದು ನೋಡಿದರೆ ಸಮಿತಿಯವರು ಪಕ್ಕದ ಬೇಲಿ ಕಿತ್ತು ಹೊಸ ದಾರಿ ಮಾಡಿದ್ದರು. ಸಾಹೇಬರ ಜೀಪು ಅಲ್ಲಿಂದಲೇ ಒಳಗೆ ಹೋಯಿತು. ಸುಬ್ಬಮ್ಮ ಕೋಟೆಯ ಪಕ್ಕ ಒಬ್ಬಳೇ ನಿಂತಿದ್ದಳು. ಆಗ ಚಿಕ್ಕಬೋರಮ್ಮ ಕೋಲೂರಿಕೊಂಡು ಬಂದಳು.

"ಅಜ್ಜಿ, ಆ ಕಡೆ ದಾರಿ ಬುಟ್ಟವ್ರೆ" ಎಂದು ಯಾರೋ ಕೂಗಿದರು.

"ನನ್ ಮನೆ ಬಾಗ್ಲು ಇಲ್ಲೇ ಅದೆ. ನಾನ್ಯಾಕ್ಲಾ ಬೇಲೀಲಿ ನುಗ್ಲಿ?"

ಮುದುಕಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಗ್ಗಿ ಒಳಗೆ ಹೋಗಿ ಆ ಕಡೆ ನೆಟ್ಟಗೆ ನಿಂತು, ಕೋಟೆಯನ್ನು ಮೇಲಿನಿಂದ ಕೆಳಗೆ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅವಳ ಹಿಂದೆ ಹೆಂಗಸರು ಬಂದರು, ಅವರ ಹಿಂದೆ ಗಂಡಸರು. ಬಾವುಟ ಹಾರಿಸುವ ಹೊತ್ತಿಗೆ ಅರ್ಧ ಊರು ಆ ಬಾಗಿಲಲ್ಲೇ ಬಂದಿತ್ತು. ಉಳಿದರ್ಧ ಬೇಲಿಯ ದಾರಿಯಲ್ಲಿ ಬಂತು. ಅದನ್ನೂ ಸುಬ್ಬಮ್ಮ ಮರೆಮಾಚಲಿಲ್ಲ, ಯಾರು ಕೇಳಿದರೂ ಹೇಳುತ್ತಿದ್ದಳು.

ಚಲುವಯ್ಯನ ದೂರಿಗೆ ಅವಳು ಶಿಕ್ಷಣ ಇಲಾಖೆಗೆ ಎರಡು ಸಲ ಉತ್ತರ ಬರೆದುಕೊಡಬೇಕಾಯಿತು. ಎರಡರಲ್ಲೂ ಬಾಗಿಲಿನ ಅಳತೆ ಬರೆದಳೇ ಹೊರತು ಕ್ಷಮೆ ಕೇಳಲಿಲ್ಲ. ಕೊನೆಗೆ ಆ ಕಡತ ಅಲ್ಲೇ ತಣ್ಣಗಾಯಿತು.

ಎರಡು ವರ್ಷದ ಮೇಲೆ ಶ್ರೀರಂಗಪಟ್ಟಣದ ಒಂದು ಕಲಾಪ್ರದರ್ಶನದವರು ಅಂಥದ್ದೇ ಕೋಟೆ ಮಾಡಲು ಅವಳನ್ನು ಕರೆದರು. ಹೀಗೆ ಕಟ್ಟಿ ನಿಲ್ಲಿಸಿದ ಕಲಾಕೃತಿಗೆ ಇನ್‌ಸ್ಟಲೇಶನ್ ಎನ್ನುತ್ತಾರೆಂದು ಅವಳಿಗೆ ಗೊತ್ತಾದದ್ದೇ ಆಗ. ಅಕ್ಕ ತಮ್ಮ ಸೇರಿ ಹೊಸ ಕೋಟೆ ನಿಲ್ಲಿಸಿದರು. ಪ್ರದರ್ಶನದವರು ಅದರ ಸುತ್ತ, ಬಾಗಿಲಿಗೂ ಅಡ್ಡವಾಗಿ ಹಗ್ಗ ಕಟ್ಟಿ, 'ಮುಟ್ಟಬೇಡಿ' ಎಂದು ಬೋರ್ಡು ತೂಗುಹಾಕಿದರು.

ಸುಬ್ಬಮ್ಮ ತಮ್ಮನ ಚೀಲದಿಂದ ಉಳಿ ತೆಗೆದುಕೊಂಡು ಹೋಗಿ, ಎಲ್ಲರೂ ನೋಡುತ್ತಿದ್ದಂತೆಯೇ ಆ ಹಗ್ಗ ಕುಯ್ದು ಹಾಕಿದಳು.