ಅಣ್ಣನ ಪಾಲಿನ ಕದ

ಕೋಗಳಿಯಲ್ಲಿ ಇವತ್ತಿಗೂ ಎಲ್ಲರೂ ಹೇಳುವುದು ಒಂದೇ ಕಥೆ: ಬಸಣ್ಣ ಹಟಮಾರಿ, ಲಕ್ವ ಹೊಡೆದು ಮಲಗಿದ್ದ ತಮ್ಮನಿಗೆ ಕದದ ಮೇಲಿನ ಕೆತ್ತನೆಯ ನಕ್ಷೆಯನ್ನೂ ಕೊಡಲಿಲ್ಲ. ಹೀಗೆ ಹೇಳುವವರಲ್ಲಿ ಒಬ್ಬರೂ ಆ ದಿನ ಅಲ್ಲಿರಲಿಲ್ಲ. ನಾನಿದ್ದೆ. ತಮ್ಮ ಈಗಿಲ್ಲ, ಅಂದು ಅವರಿಗೆ ಹೇಳದೆ ಉಳಿದದ್ದನ್ನು ಹೆಸರು ಬದಲಿಸಿ ಈಗ ಬರೆಯಬಹುದು.

ಕೊರೊನಾ ಕಳೆದ ಮರುವರ್ಷ. ಹಗರಿಬೊಮ್ಮನಹಳ್ಳಿಯಲ್ಲಿ ಕಾದರಸಾಬರ ಕೆತ್ತನೆ ಅಂಗಡಿಯಲ್ಲಿ ನಕ್ಷೆ ಇಳಿಸುವುದು ನನ್ನ ಕೆಲಸ. ಅಲ್ಲಿ ಮಾಡುವ ಚಿಪ್ ಕಾರ್ವಿಂಗ್ ಎಂದರೆ ಗಿಡ್ಡ ಚಾಕುವಿನಿಂದ ಓರೆಯಾಗಿ ಕೊಯ್ದು, ಮರದ ಮೈಯಿಂದ ತ್ರಿಕೋನದ ಚಕ್ಕೆಗಳನ್ನು ಎಬ್ಬಿಸುವ ಕೆತ್ತನೆ. ಆಳ ಎರಡು ಮೂರು ಮಿಲಿಮೀಟರ್, ಅಷ್ಟೇ. ಹಳೆಯ ಕೆತ್ತನೆಯ ಮೇಲೆ ತೆಳು ಕಾಗದ ಬಿಗಿದು ಪೆನ್ಸಿಲ್ ಸೀಸ ತಿಕ್ಕಿದರೆ ಅಂಚುಗಳು ಕಪ್ಪಾಗಿ ಏಳುತ್ತವೆ. ಅದನ್ನು ಕಾರ್ಬನ್ ಇಟ್ಟು ಹೊಸ ಹಲಗೆಗೆ ಇಳಿಸುತ್ತೇವೆ.

ನಮ್ಮನ್ನು ಕೋಗಳಿಗೆ ಕರೆಸಿದ್ದು ಆ ತಮ್ಮ, ವಿರುಪಣ್ಣನವರು. ಅವರ ಅಪ್ಪ ತಾವೇ ಕೊರೆದಿದ್ದ ಜೋಡಿ ಕದ, ಅಣ್ಣತಮ್ಮಂದಿರು ಬೇರೆಯಾದಾಗ ಒಬ್ಬೊಬ್ಬರಿಗೆ ಒಂದೊಂದಾಗಿ ಹಂಚಿಹೋಗಿತ್ತು. ಇವರ ಎಡಗದದ ಪಕ್ಕ ಬರಿಯ ಹಲಗೆ. ಮಂಚದಲ್ಲಿ ಮಲಗಿದವರಿಗೆ ಎದುರಿಗೆ ಕಾಣುತ್ತಿದ್ದದ್ದು ಆ ಬಾಗಿಲೊಂದೇ. ಅದು ಮತ್ತೆ ಜೋಡಿಯಾದದ್ದನ್ನು ನೋಡಬೇಕೆಂದಿದ್ದರು.

ಎಡಗದದ ನಕ್ಷೆಯನ್ನೇ ಮಗುಚಿ ಬಲಕ್ಕೆ ಇಳಿಸಿದರಾಯಿತು, ಯಾರಿಗೆ ತಿಳಿಯುತ್ತದೆ ಎಂದು ವಾದಿಸಿದೆ. ಅವರು ತೊದಲುತ್ತಲೇ ಹೇಳಿದರು: "ನಮ್ಮಪ್ಪ ಒಂದು ಹೂವ ಎರಡು ಸಲ ಕೊರದಿಲ್ಲವ್ವ. ಅಣ್ಣನ ಕದದಾಗಿನ್ವು ಬ್ಯಾರೆ."

ಎರಡು ಓಣಿ ಆಚೆ ಅಣ್ಣ ಬಸಣ್ಣನವರ ಮನೆ. ಬಲಗದದ ನಕ್ಷೆ ಕೇಳಲು ಕಾದರಸಾಬರೂ ನಾನೂ ಹೋದೆವು.

"ಕಾಗದ ಇಟ್ಟು ತಿಕ್ಕಿದ್ರ ಕದ ಏನೂ ಸವೆಯಂಗಿಲ್ರಿ," ಅಂದೆ.

"ಏನೂ ಹೋಗಂಗಿಲ್ಲಂದ್ರ ಕಾಗದದಾಗ ಕಟ್ಟಿಕೊಂಡು ಒಯ್ಯೋದೇನು?" ಎಂದರು ಬಸಣ್ಣನವರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು, ಬಿಡುತ್ತೇನೆಯೇ? ಪಾಲಾದದ್ದು ಮರ, ಅಪ್ಪನ ಕೈಗೆಲಸ ಇಬ್ಬರದೂ ಎಂದೆ. ಕಾದರಸಾಬರು ಗೊಣಗಿದರು: "ಬಾಯಿಲೇ ಕಟ್ಟಿಗಿ ಸೀಳಾಕ ಬಂದಿದ್ರ ನನಗ ಗರಗಸಾನ ಬೇಕಿರಲಿಲ್ಲ."

ಬಸಣ್ಣನವರು ನಗಲಿಲ್ಲ. "ಬರ್ರಿ," ಎಂದು ಎದ್ದು ಒಳಗೆ ಕರೆದೊಯ್ದರು.

ಕೋಣೆಗೆ ಕೂರಿಸಿದ್ದ ಅವರ ಪಾಲಿನ ಕದಕ್ಕೆ ಮೇಲಿಂದ ಕೆಳತನಕ ಕಂದುಬಣ್ಣದ ಸನ್‌ಮೈಕ ಶೀಟು ಅಂಟಿಸಿದ್ದರು.

"ಶೀಟು ಬಿಚ್ಚಿದ್ರ ಒಳಗ ಇರ್ತೈತಲ್ರಿ?" ಎಂದೆ. ಕಾದರಸಾಬರು ಕದದ ಅಂಚಿನ ಮೇಲೆ ಬೆರಳಾಡಿಸಿ ದಪ್ಪ ಅಳೆದರು.

"ಮಗಳ ಮದಿವ್ಯಾಗ ಮಾಡಿಸಿದ್ದು," ಎಂದರು ಬಸಣ್ಣನವರು. "ಸಪಾಟ ಇರಲಾರದ ಗಮ್ ಹಿಡಿಯಂಗಿಲ್ಲ ಅಂದ್ರು. ಮಷೀನ್‌ಲೇ ಹೆರಸಿಬಿಟ್ವಿ."

ಅಷ್ಟು ತೆಳುವಾದ ಕೆತ್ತನೆ ಅಳಿಸಿಹೋಗಲು ಮಷೀನು ಎರಡು ಸಲ ಓಡಾಡಿದರೆ ಸಾಕು.

"ಫೋಟೊ ಏನಾರ ಅದಾವೇನ್ರಿ?"

"ಅದಾವು. ಎಲ್ಲಾದ್ರಾಗೂ ಜನ ಕದಕ್ಕ ಅಡ್ಡ ನಿಂತಾರ."

ನೆನಪಿದ್ದಷ್ಟು ಬರೆಯಿರಿ ಎಂದು ಕಾಗದ ಹಾಸಿ ಪೆನ್ಸಿಲ್ ಕೊಟ್ಟೆ. ಒಂದು ದುಂಡು ಗೆರೆ ಎಳೆದರು. ಪೆನ್ಸಿಲ್ ಅಲ್ಲೇ ನಿಂತಿತು. "ದಿನಾ ತಗದು ಹಾಕಿದ ಕದವ್ವ. ನೋಡಿದ್ದು ಯಾವಾಗ?"

ಹೊಸ ಹೂಗಳನ್ನು ನಾವೇ ಬರೆದು, ಇವೇ ಅವು ಎನ್ನೋಣವೇ ಎಂದು ಕಾದರಸಾಬರ ಕಿವಿಯಲ್ಲಿ ಕೇಳಿದೆ. "ಅವರ ಅಪ್ಪನ ಕೈ ಅಂತ ಹೇಳಿ ನಾ ಕೊರಿಯಂಗಿಲ್ಲ," ಎಂದರು. ಅಡಿಯಲ್ಲಿ ಉಬ್ಬುತಗ್ಗು ಇಲ್ಲದಿದ್ದರೆ ಎಷ್ಟು ತಿಕ್ಕಿದರೂ ಕಾಗದ ಬರೀ ಕಪ್ಪಾಗುತ್ತದೆ. ನಕ್ಷೆ ಇಳಿಸುವವಳಿಗೆ ಇರುವ ಶಕ್ತಿ ಅಷ್ಟೇ ಎನ್ನುವುದನ್ನು ನಾನು ಕಲಿತದ್ದು ಆ ಮನೆಯಲ್ಲಿ.

ಹೊರಟಾಗ ಬಸಣ್ಣನವರು ಅಂಗಳದ ತನಕ ಬಂದರು. "ತಮ್ಮಗ ಇದನ್ನ ಹೇಳಬ್ಯಾಡ್ರಿ. ಅಣ್ಣ ಮುಟ್ಟಗೊಡಲಿಲ್ಲ ಅನ್ರಿ. ನಂಬತಾನ."

"ನಂಬತಾರ್ರಿ," ಅಂದೆ. "ಆದ್ರ ಕದ ಇನ್ನೂ ಐತಿ, ಅಣ್ಣನ ಮನಸು ಇವತ್ತಲ್ಲ ನಾಳಿ ಕರಗತೈತಿ ಅಂತ ಆ ಬರೇ ಹಲಗಿ ನೋಡಿಕೋತ ಮಲಗಿರ್ತಾರಲ್ರಿ. ಎಲ್ಲಿತನಕ ಕಾಯಿಸೋಣ್ರಿ ಅವರನ್ನ?"